ತುಳಸಿಗೇರಿಯ ಭಜನೆ ಮತ್ತು ನಾಲ್ಕೆಳೆಯ ತಂತಿ

ಬಾಗಲಕೋಟೆಯಿಂದ ಗದ್ದನಕೇರಿಯನ್ನು ದಾಟಿ ಕಲಾದಗಿಯತ್ತ ಹೊರಟವರಿಗೆ ದಾರಿಯಲ್ಲಿ ದೊರೆಯುವ ತುಳಸಿಗೇರಿ ಎಂಬ ಗ್ರಾಮವು, ಅಲ್ಲಿ ನೆಲೆಸಿರುವ ಹನುಮಪ್ಪನ ಸನ್ನಿಧಿಯ ಕಾರಣದಿಂದ, ಸುತ್ತಣ ಸೀಮೆಗೆಲ್ಲ ಸುಪರಿಚಿತವಾದುದು. ಶನಿವಾರದ ದಿನ ಅಲ್ಲಿಗೆ ಬರುವ ಭಕ್ತರನ್ನೂ, ಜಾತ್ರೆಯ ಕಾಲದಲ್ಲಿ ಬಂಡಿ ಕಟ್ಟಿಕೊಂಡೋ ಟ್ರ್ಯಾಕ್ಟರು ಹೂಡಿಕೊಂಡೋ ಬರುವ ಕುಟುಂಬಗಳನ್ನೂ ಗಮನಿಸಿ ನೋಡಿದರೆ, ಬುತ್ತಿಯ ಗಂಟು ಮತ್ತು ನೀರಿನ ಕೊಡಗಳ ಜೊತೆಯಲ್ಲಿ ಅಂಗೈಯಗಲದ ಹಾಡಿನ ಪೆಟ್ಟಿಗೆಯೊಂದೂ ಪ್ರಯಾಣ ಮಾಡುತ್ತಿರುವುದು ಕಂಡುಬರುತ್ತದೆ. ಗುಳೇದಗುಡ್ಡದಲ್ಲಿ ಖಣ ನೇಯುವವರ ಮಗ್ಗದ ಬದಿಯಲ್ಲಿ, ಇಳಕಲ್ಲಿನ ಸೀರೆಯ ಸೆರಗು ಕೂಡಿಸುವ ಮನೆಗಳ ಪಡಸಾಲೆಯಲ್ಲಿ, ಹುನಗುಂದದ ಎರೆಹೊಲದ ಬದುವಿನ ಮೇಲೆ, ಬಾದಾಮಿಯ ಬನಶಂಕರಿ ಜಾತ್ರೆಯ ಅಂಗಡಿಸಾಲಿನಲ್ಲಿ ಈ ಪೆಟ್ಟಿಗೆ ಹಾಡುತ್ತಲೇ ಇರುತ್ತದೆ. ದುಡಿಮೆಯ ಹೊತ್ತಿನಲ್ಲಿ ಹಾಡನ್ನು ಹತ್ತಿರ ಇಟ್ಟುಕೊಳ್ಳುವುದು ಈ ಸೀಮೆಯ ಜನರ ಬಹುಕಾಲದ ಅಭ್ಯಾಸ. ಬೀಸುವಾಗಲೂ ಕುಟ್ಟುವಾಗಲೂ ತಾವೇ ಹಾಡಿಕೊಳ್ಳುತ್ತಿದ್ದವರು ಈಗ ಯಂತ್ರದಿಂದಲೂ ಹಾಡಿಸಿಕೊಳ್ಳುತ್ತಿದ್ದಾರೆ.

ಈ ಪೆಟ್ಟಿಗೆಗೆ ಹಾಡು ಬಂದು ಸೇರುವ ಬಗೆ ಹೇಗೆಂದರೆ, ಸಂತೆಗೆಂದು ಪೇಟೆಗೆ ಹೋದಾಗ ಅದರೊಳಗಿನ ಮೆಮೊರಿ ಕಾರ್ಡನ್ನು ಮೊಬೈಲ್ ಅಂಗಡಿಯಲ್ಲಿ ಕೊಟ್ಟು, ಇಷ್ಟು ದುಡ್ಡಿಗೆ ಇಷ್ಟು ಹಾಡು ಎಂದು ಮಾತಾಡಿಕೊಂಡು, ತುಂಬಿಸಿಕೊಂಡು ಬರುವುದು. "ಏನ್ ಹಾಕ್ಲಿ ಅಜ್ಜಾರ?" ಎಂದು ಅಂಗಡಿಯ ಹುಡುಗ ಕೇಳುತ್ತಾನೆ. "ಪಾರಿಜಾತದ ಆಟ ಇದ್ರ ಹಾಕಪಾ, ತತ್ವಪದ ಹಾಕು, ನಮ್ಮ ಹನುಮಪ್ಪನ ಗುಡಿ ಭಜನಿ ಇದ್ರ ಅದನ್ನೂ ಹಾಕು" ಎನ್ನುತ್ತಾರೆ ಹಿರಿಯರು. "ಪಾರಿಜಾತ ಅದಾವ್ರಿ. ನಿಮ್ಮೂರ ಭಜನಿ ನಮ್ಮಲ್ಲಿ ಎಲ್ಲಿಂದ ಬರಬೇಕ್ರಿ?" ಎಂದು ಅವನು ಕೊಡುವ ಉತ್ತರ ಯಥಾರ್ಥವಾದುದು. ಅವನ ಕಂಪ್ಯೂಟರಿನಲ್ಲಿ ಇರುವುದು ಕಂಪನಿಗಳು ಹೊರತಂದುದು ಮತ್ತು ಇತರ ಅಂಗಡಿಗಳಿಂದ ಹರಿದುಬಂದುದು ಮಾತ್ರ. ಒಂದು ಊರಿನ ಭಜನಾ ಮೇಳ ಒಂದು ರಾತ್ರಿ ಹಾಡಿದುದು ಪೆಟ್ಟಿಗೆಗೆ ಬರುವುದು, ಅದನ್ನು ಧ್ವನಿಮುದ್ರಿಸಿಕೊಂಡವನು ತನ್ನ ಕೈಯಾರೆ ಕಂಪ್ಯೂಟರಿಗೆ ಇಳಿಸಿ, ಕಂಪ್ಯೂಟರಿನಿಂದ ಪೆಟ್ಟಿಗೆಗೆ ಏರಿಸಿದಾಗ ಮಾತ್ರವೇ.

ಆದುದರಿಂದ ಹಾಡಿನ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸುವ ಈ ಸಣ್ಣ ವಿದ್ಯೆಯನ್ನು ಕೇವಲ ಅಂಗಡಿಕಾರರ ಕಸುಬೆಂದು ಬಿಡಲಾಗದೆಂದು ನಾನು ದೃಢವಾಗಿ ನಂಬಿದ್ದೇನೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನದೋ ಮಗಳದೋ ಒಂದು ಕಂಪ್ಯೂಟರು ಇರುವ ಕುಟುಂಬಗಳು ಈಗ ಹಳ್ಳಿಗಳಲ್ಲಿಯೂ ವಿರಳವಲ್ಲ. ಇಲ್ಲದಿರುವುದು ತಂತಿಯ ಎರಡು ತುದಿಗಳ ನಡುವೆ ನಡೆಯುವುದೇನು ಎಂಬ ತಿಳಿವಳಿಕೆ.

ಮೊದಲು ತಂತಿಯ ವಿಚಾರ. ಯುಎಸ್‌ಬಿ ಎಂಬ ಹೆಸರಿನಿಂದ 1996ರಲ್ಲಿ ಪ್ರಕಟವಾದ ಈ ಜೋಡಣೆಯ ಕ್ರಮವು 2000ದಲ್ಲಿ ತನ್ನ ಎರಡನೆಯ ಆವೃತ್ತಿಯನ್ನು ಕಂಡಿತು. ಇಂದು ನಮ್ಮ ಸೀಮೆಯಲ್ಲಿ ಬಳಕೆಯಲ್ಲಿರುವ ಹಾಡಿನ ಪೆಟ್ಟಿಗೆಗಳಲ್ಲಿ ಬಹುಪಾಲು ಆ ಎರಡನೆಯ ಆವೃತ್ತಿಯ ನಿಯಮವನ್ನೇ ಅನುಸರಿಸುವಂಥವು. ಅದರ ತಂತಿಯ ಮೇಲಣ ರಬ್ಬರನ್ನು ಸೀಳಿ ನೋಡಿದರೆ ಒಳಗೆ ನಾಲ್ಕು ಎಳೆಗಳು ಸಿಗುತ್ತವೆ. ಕೆಂಪೆಳೆಯು ಐದು ವೋಲ್ಟಿನ ವಿದ್ಯುತ್ತನ್ನು ತರುತ್ತದೆ, ಕಪ್ಪೆಳೆಯು ಅದನ್ನು ಹಿಂದಕ್ಕೆ ಒಯ್ಯುತ್ತದೆ. ಬಿಳಿ ಮತ್ತು ಹಸಿರು ಎಳೆಗಳೆರಡೂ ಕೂಡಿ ಮಾಹಿತಿಯನ್ನು ಸಾಗಿಸುತ್ತವೆ. ಮಾಹಿತಿಗೆ ಎರಡು ಎಳೆಗಳೇಕೆಂದರೆ, ಒಂದರಲ್ಲಿ ಹೋಗುವ ಸಂಕೇತಕ್ಕೆ ವಿರುದ್ಧವಾದುದು ಇನ್ನೊಂದರಲ್ಲಿ ಹೋಗುವುದರಿಂದ, ಹೊರಗಿನ ಯಾವುದೇ ವಿದ್ಯುತ್ ಗದ್ದಲವು ಎರಡರ ಮೇಲೂ ಸಮಾನವಾಗಿ ಬಿದ್ದರೂ, ಒಂದರಿಂದೊಂದನ್ನು ಕಳೆದಾಗ ಗದ್ದಲ ಅಳಿದು ಸಂಕೇತವು ಶುದ್ಧವಾಗಿ ಉಳಿಯುತ್ತದೆ. ನೀರೆತ್ತುವ ಮೋಟಾರು ಸನಿಹದಲ್ಲೇ ಓಡುತ್ತಿರುವ ಮನೆಯಲ್ಲಿಯೂ ಹಾಡು ಕೆಡದೆ ಪೆಟ್ಟಿಗೆಗೆ ಸೇರುವುದರ ಹಿಂದೆ ಈ ಉಪಾಯವಿದೆ.

ಜನರು ಮೊದಲು ಎಡವುವುದೂ ಈ ಎಳೆಗಳ ವಿಷಯದಲ್ಲಿಯೇ. ಸಂತೆಯಲ್ಲಿಯೂ ಬಸ್‌ಸ್ಟ್ಯಾಂಡಿನ ಬಳಿಯಲ್ಲಿಯೂ ಅಗ್ಗದ ಬೆಲೆಗೆ ಮಾರುವ ತಂತಿಗಳಲ್ಲಿ ಅನೇಕವು ಚಾರ್ಜಿಗೆಂದೇ ಮಾಡಿದವು. ಅವುಗಳಲ್ಲಿ ಕೆಂಪು ಮತ್ತು ಕಪ್ಪು ಎಳೆಗಳನ್ನಷ್ಟೇ ಇಟ್ಟು ಬಿಳಿ, ಹಸಿರುಗಳನ್ನು ಬಿಟ್ಟಿರುತ್ತಾರೆ. ಅಂಥ ತಂತಿಯನ್ನು ಜೋಡಿಸಿದಾಗ ಪೆಟ್ಟಿಗೆಯ ದೀಪ ಬೆಳಗುತ್ತದೆ, ಚಾರ್ಜಿನ ಗುರುತೂ ಕಾಣುತ್ತದೆ. ಕಂಪ್ಯೂಟರು ಮಾತ್ರ ಏನೂ ಬಂದಿಲ್ಲವೆಂಬಂತೆ ಸುಮ್ಮನಿರುತ್ತದೆ. ಪೆಟ್ಟಿಗೆ ಕೆಟ್ಟಿತೆಂದು ರಿಪೇರಿಗೆ ಒಯ್ಯುವ ಮುನ್ನ, ಹಿಂದೆ ಎಂದಾದರೂ ಫೋಟೋ ಅಥವಾ ಹಾಡನ್ನು ಸಾಗಿಸಿ ಪರೀಕ್ಷೆಯಾದ ಇನ್ನೊಂದು ತಂತಿಯನ್ನು ಹಾಕಿ ನೋಡಬೇಕು. ಅದರಿಂದಲೂ ಫಲ ಸಿಗದಿದ್ದರೆ ಪೆಟ್ಟಿಗೆಯ ಕಿಂಡಿಯಲ್ಲಿ ಹೊಲದ ಧೂಳು, ಹತ್ತಿಯ ಎಳೆ ಸೇರಿಕೊಂಡಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು ಲೇಸು. ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರಾದರೆ ಮುಂಭಾಗದ ಕಿಂಡಿಗಿಂತ ಹಿಂಭಾಗದ ಕಿಂಡಿ ಹೆಚ್ಚು ನಂಬಿಗಸ್ತವಾದುದು, ಏಕೆಂದರೆ ಅದು ಮುಖ್ಯ ಹಲಗೆಗೇ ನೇರವಾಗಿ ಬೆಸೆದಿರುತ್ತದೆ.

ತಂತಿ ಸರಿಯಾಗಿದ್ದ ಪಕ್ಷದಲ್ಲಿ, ಜೋಡಿಸಿದ ಕ್ಷಣದಿಂದ ಎರಡು ಯಂತ್ರಗಳ ನಡುವೆ ಒಂದು ಸಂಭಾಷಣೆ ಆರಂಭವಾಗುತ್ತದೆ. ಪೆಟ್ಟಿಗೆಯೊಳಗಿನ 1,500 ಓಮ್‌ಗಳ ಒಂದು ರೋಧಕವು ಮಾಹಿತಿಯ ಎಳೆಯೊಂದನ್ನು ಮೇಲಿನ ವೋಲ್ಟಿಗೆ ಎಳೆದು ಹಿಡಿಯುವುದರಿಂದ, ಯಾರೋ ಬಂದಿದ್ದಾರೆಂಬುದು ಕಂಪ್ಯೂಟರಿಗೆ ತಿಳಿಯುತ್ತದೆ. ಮನೆಗೆ ಬಂದ ಅಪರಿಚಿತನಿಗೆ ಮೊದಲು ನೀರು ಕೊಟ್ಟು ತರುವಾಯ ಊರು ಹೆಸರು ಕೇಳುವ ನಮ್ಮ ಪದ್ಧತಿಯಂತೆಯೇ, ಕಂಪ್ಯೂಟರು ಮೊದಲು 100 ಮಿಲಿಆಂಪಿಯರಿನಷ್ಟು ಅಲ್ಪ ವಿದ್ಯುತ್ತನ್ನು ಮಾತ್ರ ಕೊಟ್ಟು, ನೀನು ಯಾರು, ನಿನ್ನನ್ನು ಮಾಡಿದವರಾರು, ನಿನ್ನ ಕೆಲಸವೇನು ಎಂಬುದನ್ನು ವಿಚಾರಿಸುತ್ತದೆ. ಈ ವಿಚಾರಣೆಯ ನಡುವೆಯೇ ಒಂದು ಅಂಕಿಯನ್ನು ವಿಳಾಸವಾಗಿ ಕೊಟ್ಟು, ಉತ್ತರಗಳು ಸಮರ್ಪಕವಾಗಿದ್ದರೆ 500 ಮಿಲಿಆಂಪಿಯರ್‌ವರೆಗೆ ಪಡೆಯಲು ಅನುಮತಿ ನೀಡುತ್ತದೆ.

"ನಿನ್ನ ಕೆಲಸವೇನು" ಎಂಬ ಪ್ರಶ್ನೆಗೆ ಪೆಟ್ಟಿಗೆಗಳು ಕೊಡುವ ಉತ್ತರದಲ್ಲಿ ಭೇದವುಂಟು. ಸಾಮಾನ್ಯವಾದ ಅಗ್ಗದ ಪೆಟ್ಟಿಗೆಗಳು ತಮ್ಮನ್ನು ಬರಿಯ ಉಗ್ರಾಣವೆಂದು ಹೇಳಿಕೊಳ್ಳುತ್ತವೆ. ಆಗ ಅವು ಪೆನ್‌ಡ್ರೈವಿನ ಹಾಗೆ ಪರದೆಯ ಮೇಲೆ ಕಾಣಿಸಿಕೊಳ್ಳುತ್ತವೆ; ಹಾಡಿನ ಕಡತವನ್ನು ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡಿದರೆ ಕೆಲಸ ಮುಗಿಯುತ್ತದೆ. ಮೊಬೈಲ್ ಫೋನುಗಳೂ ಕೆಲವು ಬೆಲೆಯುಳ್ಳ ಪ್ಲೇಯರುಗಳೂ ತಮ್ಮ ಉಗ್ರಾಣದ ಬೀಗವನ್ನು ಪರರಿಗೆ ಒಪ್ಪಿಸದೆ, ಎಂಟಿಪಿ ಎಂಬ ಕ್ರಮದಿಂದ, ಕೇಳಿದುದನ್ನು ತಾವೇ ತೆಗೆದುಕೊಡುತ್ತವೆ, ಕೊಟ್ಟುದನ್ನು ತಾವೇ ಇಟ್ಟುಕೊಳ್ಳುತ್ತವೆ. ಫೋನನ್ನು ಜೋಡಿಸಿದಾಗ ಅದರ ಪರದೆಯಲ್ಲಿ ಮೂಡುವ ಸೂಚನೆಯನ್ನು ಒತ್ತಿ "ಫೈಲ್ ಟ್ರಾನ್ಸ್‌ಫರ್" ಎಂಬುದನ್ನು ಆರಿಸದಿದ್ದರೆ ಅದು ಚಾರ್ಜು ಮಾತ್ರ ಮಾಡಿಕೊಳ್ಳುತ್ತಿರುವುದು ಈ ಕಾರಣದಿಂದಲೇ. ಆ್ಯಪಲ್ ಕಂಪನಿಯ ಐಪಾಡ್ 2001ರಲ್ಲಿ ಬಂದು 2022ರವರೆಗೆ ಮಾರಾಟದಲ್ಲಿದ್ದಿತು. ಅದಕ್ಕೆ ಹಾಡು ಸೇರಿಸಲು ಐಟ್ಯೂನ್ಸ್ ಎಂಬ ಅದರದೇ ತಂತ್ರಾಂಶ ಬೇಕಾಗುತ್ತಿತ್ತು. ಬೆಂಗಳೂರಿನಿಂದಲೋ ಪರದೇಶದಿಂದಲೋ ಮಕ್ಕಳು ಪ್ರೀತಿಯಿಂದ ತಂದುಕೊಟ್ಟ ಅಂಥ ಯಂತ್ರವು, ಅವರು ಮರಳಿ ಹೋದಮೇಲೆ, ಹೊಸ ಹಾಡೊಂದನ್ನು ಕಾಣದೆ ಕಪಾಟಿನಲ್ಲಿ ಉಳಿದರೆ ಸೋಜಿಗವಿಲ್ಲ. ಹಳ್ಳಿಯ ಮನೆಗೆ ಉಗ್ರಾಣದಂತೆ ತೆರೆದುಕೊಳ್ಳುವ ಸಾದಾ ಪೆಟ್ಟಿಗೆಯೇ ಉತ್ತಮವೆಂಬುದು ನನ್ನ ಅಭಿಪ್ರಾಯ.

ಇಂಥ ಪೆಟ್ಟಿಗೆಗಳ ಇತಿಹಾಸ ದೀರ್ಘವಾದುದಲ್ಲ. 1998ರಲ್ಲಿ ಕೊರಿಯದ ಸೇಹಾನ್ ಕಂಪನಿ ಹೊರತಂದ ಎಂಪಿಮ್ಯಾನ್ ಎಂಬುದರಲ್ಲಿ ಹಿಡಿಸುತ್ತಿದ್ದುದು 32 ಮೆಗಾಬೈಟು, ಎಂದರೆ ಅರ್ಧ ಗಂಟೆಗಿಂತ ಚೂರು ಹೆಚ್ಚು ಸಂಗೀತ. ಅದೇ ವರ್ಷ ಅಮೆರಿಕದಲ್ಲಿ ಬಂದ ರಿಯೋ ಎಂಬ ಯಂತ್ರವನ್ನು ಪ್ರಿಂಟರಿನ ಕಿಂಡಿಗೆ ಜೋಡಿಸಬೇಕಾಗಿದ್ದಿತು. ಅದರ ಮಾರಾಟವನ್ನು ತಡೆಯಬೇಕೆಂದು ಅಲ್ಲಿಯ ಧ್ವನಿಮುದ್ರಣ ಕಂಪನಿಗಳ ಸಂಘವು ನ್ಯಾಯಾಲಯಕ್ಕೆ ಹೋಯಿತಾದರೂ, ತನ್ನಲ್ಲಿರುವ ಹಾಡನ್ನು ಒಬ್ಬನು ತನ್ನದೇ ಇನ್ನೊಂದು ಯಂತ್ರಕ್ಕೆ ಸಾಗಿಸಿಕೊಳ್ಳುವುದು ಖಾಸಗಿ ಉಪಯೋಗವೆಂದು 1999ರಲ್ಲಿ ಮೇಲ್ಮನವಿಯ ನ್ಯಾಯಾಲಯ ತೀರ್ಮಾನಿಸಿತು.

ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಹಾಡು ಹಿಡಿಯುವುದು ಹೇಗೆಂಬುದನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಸಿ.ಡಿ.ಯ ಮೇಲೆ ಹಾಡನ್ನು ಬರೆಯುವಾಗ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆದು, ಎಡಬಲ ಕಿವಿಗಳಿಗೆಂದು ಇಮ್ಮಡಿಗೊಳಿಸುತ್ತಾರೆ. ಐದು ನಿಮಿಷದ ಒಂದು ಪದಕ್ಕೆ ಅದು ಸುಮಾರು 53 ಮೆಗಾಬೈಟು ಆಗುತ್ತದೆ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮೊದಲಾದ ವಿಜ್ಞಾನಿಗಳು ಮನುಷ್ಯನ ಕಿವಿಯ ಸ್ವಭಾವವನ್ನು ಆಧಾರವಾಗಿ ಇಟ್ಟುಕೊಂಡು ರೂಪಿಸಿದ ಎಂಪಿ3 ಕ್ರಮದಲ್ಲಿ ಅದೇ ಪದವು 5 ಮೆಗಾಬೈಟಿನ ಒಳಗೆ ಕೂಡುತ್ತದೆ. ಗಟ್ಟಿಯಾದ ಧ್ವನಿಯೊಂದು ಎದ್ದಾಗ ಅದರ ಆಸುಪಾಸಿನ ಶ್ರುತಿಯಲ್ಲಿರುವ ಮಂದ ಧ್ವನಿಗಳು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಗೀಗೀ ಮೇಳದಲ್ಲಿ ಹಿಮ್ಮೇಳದವರು ಕಂಠವೆತ್ತಿ ಸ್ವರ ಹಿಡಿದ ಕ್ಷಣದಲ್ಲಿ ತುಂತುಣಿಯ ಒಂಟಿತಂತಿಯ ನಾದ ಅವರ ದನಿಯಲ್ಲಿ ಅಡಗಿಹೋಗುವುದನ್ನು ಕೇಳಿದವರೆಲ್ಲ ಬಲ್ಲರು. ಕೇಳಿಸದಿರುವುದಕ್ಕೆ ಹೆಚ್ಚಿನ ಜಾಗವನ್ನು ವ್ಯಯಿಸಬೇಕಾಗಿಲ್ಲವೆಂಬ ಸೂತ್ರದ ಮೇಲೆ ಇಡೀ ಕ್ರಮ ನಿಂತಿದೆ. ಸೆಕೆಂಡಿಗೆ 128 ಕಿಲೊಬಿಟ್ಟಿನ ಲೆಕ್ಕದಲ್ಲಿ ಆರು ತಾಸಿನ ಪಾರಿಜಾತವೊಂದು 346 ಮೆಗಾಬೈಟಿನಷ್ಟು ಜಾಗವನ್ನು ಬೇಡುವುದರಿಂದ, 8 ಗಿಗಾಬೈಟಿನ ಕಾರ್ಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಇಡೀ ರಾತ್ರಿಯ ಆಟಗಳು ಅಡಗಬಲ್ಲವು.

ಆದರೆ ಭಜನೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಾತಿಗೂ ಒಬ್ಬರ ಗಾಯನಕ್ಕೂ ಸಾಲುವ ಕಡಿಮೆ ಬಿಟ್ಟಿನ ಎಂಪಿ3ಯು ಕಂಚಿನ ತಾಳದ ಧ್ವನಿಯನ್ನು ತಾಳಲಾರದು. ಹತ್ತು ಜೊತೆ ತಾಳಗಳು ಒಮ್ಮೆಗೇ ಝಣಿಸಿದಾಗ ಏಳುವ ಎತ್ತರದ ಶ್ರುತಿಗಳ ಜಾಲವು ಅದರಲ್ಲಿ ನೀರಿನೊಳಗಿಂದ ಕೇಳಿಸುವ ಹಾಗೆ ಕಲಸಿಹೋಗುತ್ತದೆ. ಭಜನಾ ಮೇಳದ ಧ್ವನಿಮುದ್ರಣವನ್ನು 192 ಅಥವಾ 256 ಕಿಲೊಬಿಟ್ಟಿನಲ್ಲಿ ಇಡುವುದೇ ನ್ಯಾಯ. ಕಾರ್ಡುಗಳು ಇಷ್ಟು ಅಗ್ಗವಾಗಿರುವಾಗ ತಾಳದ ಝಣತ್ಕಾರವನ್ನು ಕೊಂದು ಜಾಗ ಉಳಿಸುವ ಅಗತ್ಯ ಯಾರಿಗೂ ಇಲ್ಲ.

ಹಾಡು ಪೆಟ್ಟಿಗೆಗೆ ಸೇರಿದ ಮೇಲೂ ಒಂದು ತೊಡಕು ಉಳಿದಿರುತ್ತದೆ. ಅಪರಾಳ ತಮ್ಮಣ್ಣನ ಕೃತಿಯಿಂದ ಹೊರಟು, ಕುಲಗೋಡ ತಮ್ಮಣ್ಣನ ಕೈಯಲ್ಲಿ ಆಟದ ರೂಪ ಪಡೆದು, ಕೌಜಲಗಿ ನಿಂಗಮ್ಮನಂಥ ಕಲಾವಿದೆಯಿಂದ ಮನೆಮಾತಾದ ಶ್ರೀಕೃಷ್ಣ ಪಾರಿಜಾತವನ್ನು ತುಂಡುತುಂಡಾಗಿ ಕಾರ್ಡಿಗೆ ಹಾಕಿದಾಗ, ಕೊರವಂಜಿ ಮೊದಲು ಬಂದು ಆಮೇಲೆ ನಾರದನ ಪ್ರವೇಶವಾದರೆ ಕೇಳುವವರಿಗೆ ರಸಭಂಗವಾಗುತ್ತದೆ. ಅಗ್ಗದ ಪೆಟ್ಟಿಗೆಗಳಲ್ಲಿ ಅನೇಕವು ಹೆಸರನ್ನು ನೋಡದೆ, ಕಡತಗಳು ಯಾವ ಕ್ರಮದಲ್ಲಿ ಕಾರ್ಡಿನೊಳಗೆ ಬರೆಯಲ್ಪಟ್ಟುವೋ ಆ ಕ್ರಮದಲ್ಲಿಯೇ ಹಾಡುತ್ತವೆ. ಬೇರೆ ಕೆಲವು ಹೆಸರಿನ ಅನುಕ್ರಮವನ್ನು ಹಿಡಿಯುತ್ತವೆ. ಎರಡಕ್ಕೂ ಸಲ್ಲುವ ಮಾರ್ಗವೆಂದರೆ ಪ್ರತಿ ಹೆಸರಿನ ಮುಂದೆ 01, 02, 03 ಎಂದು ಎರಡಂಕಿಯ ಸಂಖ್ಯೆ ಬರೆದು, ಖಾಲಿ ಕಾರ್ಡಿಗೆ ಒಂದೊಂದಾಗಿ ಅದೇ ಕ್ರಮದಲ್ಲಿ ಕಾಪಿ ಮಾಡುವುದು. ಬರಿಯ 1, 2 ಎಂದು ಬರೆದರೆ ಕೆಲವು ಪೆಟ್ಟಿಗೆಗಳು 1ರ ಬೆನ್ನಿಗೆ 10ನ್ನು ಹಾಡಿ, 2ನ್ನು ಹಿಂದಕ್ಕೆ ತಳ್ಳುತ್ತವೆ.

ಹೆಸರನ್ನು ಕನ್ನಡದಲ್ಲಿಯೇ ಬರೆಯಬೇಕೆಂಬ ಆಸೆ ಸಹಜವಾದುದು, ಶ್ಲಾಘ್ಯವಾದುದು. ಕಂಪ್ಯೂಟರಿನಲ್ಲಿ ಯುನಿಕೋಡ್ ಬಳಸಿದರೆ ಯಾವ ಅಡ್ಡಿಯೂ ಇಲ್ಲ. ಅಡ್ಡಿ ಇರುವುದು ಪೆಟ್ಟಿಗೆಯ ಕಿರುಪರದೆಯಲ್ಲಿ. ಎಂಪಿ3 ಕಡತದ ಬಾಲಕ್ಕೆ ಹಾಡಿನ ವಿವರವನ್ನು ಅಂಟಿಸುವ ಹಳೆಯ ಕ್ರಮವೊಂದರಲ್ಲಿ ಹೆಸರಿಗೆ ಮೀಸಲಾದುದು 30 ಬೈಟು ಮಾತ್ರ. "ಶ್ರೀಕೃಷ್ಣಪಾರಿಜಾತ" ಎಂಬ ಒಂದೇ ಪದವನ್ನು ಯುನಿಕೋಡಿನಲ್ಲಿ ಬಿಡಿಸಿದರೆ, ಒತ್ತು, ಕಾಗುಣಿತಗಳು ಸೇರಿ 16 ಸಂಕೇತಗಳಾಗಿ, ರೂಢಿಯ ಯುಟಿಎಫ್-8 ಲಿಪೀಕರಣದಲ್ಲಿ ಸಂಕೇತಕ್ಕೆ ಮೂರರಂತೆ 48 ಬೈಟು ಬೇಕಾಗುತ್ತದೆ. ಹೊಸ ಕ್ರಮಗಳು ಈ ಮಿತಿಯನ್ನು ಮೀರಿವೆಯಾದರೂ, ಅಗ್ಗದ ಪೆಟ್ಟಿಗೆಯೊಳಗೆ ಕನ್ನಡದ ಅಕ್ಷರರೂಪಗಳೇ ಇಲ್ಲದಿರುವುದರಿಂದ ಪರದೆಯ ಮೇಲೆ ಚೌಕಗಳು ಮಾತ್ರ ಮೂಡುತ್ತವೆ. ಕೋಟ್ಯಂತರ ಜನರ ಲಿಪಿಯೊಂದನ್ನು ಹೀಗೆ ಹೊರಗಿಟ್ಟು ಯಂತ್ರವನ್ನು ನಮಗೇ ಮಾರುವುದು ನೋವಿನ ಸಂಗತಿ. ಸದ್ಯಕ್ಕೆ ಪೆಟ್ಟಿಗೆಯಲ್ಲಿ ಸಂಖ್ಯೆಯನ್ನೂ, ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುವ ಮೂಲಪ್ರತಿಯಲ್ಲಿ ಪೂರ್ಣ ಕನ್ನಡದ ಹೆಸರನ್ನೂ ಇಡುವುದು ಅನುಕೂಲ.

ಕೆಲಸ ಮುಗಿಯಿತೆಂದು ತಂತಿಯನ್ನು ಥಟ್ಟನೆ ಕಿತ್ತುಬಿಡುವುದು ಬಹುಜನರ ರೂಢಿಯಾಗಿಬಿಟ್ಟಿದೆ. ಪರದೆಯ ಮೇಲೆ ಕಾಪಿ ಮುಗಿದಂತೆ ಕಂಡರೂ, ವೇಗಕ್ಕಾಗಿ ಕಂಪ್ಯೂಟರು ಕೆಲವೊಮ್ಮೆ ಕೊನೆಯ ಭಾಗವನ್ನು ತನ್ನ ಸ್ಮೃತಿಯಲ್ಲಿಯೇ ಇಟ್ಟುಕೊಂಡು ಬಳಿಕ ಬರೆಯುತ್ತದೆ. ಯಾವ ಹಾಡು ಎಲ್ಲಿದೆಯೆಂಬ ಖಾತೆಯ ಪುಟ ಅರ್ಧ ಬರೆದಿರುವಾಗ ತಂತಿ ಕಳಚಿದರೆ, ಒಂದು ಹಾಡಲ್ಲ, ಇಡೀ ಕಾರ್ಡಿನ ಹಾಡುಗಳೆಲ್ಲ ಇದ್ದೂ ಇಲ್ಲದಂತಾಗುತ್ತವೆ. "ಇಜೆಕ್ಟ್" ಎಂಬುದನ್ನು ಒತ್ತಿ, ತೆಗೆಯಬಹುದೆಂಬ ಸೂಚನೆ ಬಂದ ಮೇಲೆಯೇ ತೆಗೆಯಬೇಕು. ಕರೆಂಟು ಯಾವಾಗ ಹೋಗುವುದೆಂದು ಹೇಳಲಾಗದ ಊರುಗಳಲ್ಲಿ, ಬ್ಯಾಟರಿಯ ಆಸರೆಯಿಲ್ಲದ ದೊಡ್ಡ ಕಂಪ್ಯೂಟರಿಗಿಂತ ಲ್ಯಾಪ್‌ಟಾಪಿನಿಂದ ಈ ಕೆಲಸ ಮಾಡುವುದು ಕ್ಷೇಮ. ಕಾರ್ಡನ್ನು ಹೊಸದಾಗಿ ಕೊಳ್ಳುವಾಗಲೂ 32 ಗಿಗಾಬೈಟಿಗೆ ಮೀರಿದುದನ್ನು ತಾರದಿರುವುದೇ ಲೇಸು. ಅದಕ್ಕೂ ದೊಡ್ಡ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಬೇರೆ ಖಾತೆಯ ಕ್ರಮದಲ್ಲಿ ಬರುವುದರಿಂದ, ಫ್ಯಾಟ್32 ಒಂದನ್ನೇ ಓದಬಲ್ಲ ಸಾದಾ ಪೆಟ್ಟಿಗೆಗಳಿಗೆ ಅವು ಅರ್ಥವಾಗುವುದಿಲ್ಲ.

ಇದೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದ ಕಾರ್ಯವೊಂದಿದೆ. ಈ ಭಾಗದ ಮನೆಗಳ ಟ್ರಂಕುಗಳಲ್ಲಿ, ಗುಡಿಗಳ ಕಪಾಟುಗಳಲ್ಲಿ, ಹಿಂದಿನ ದಶಕಗಳಲ್ಲಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಭಜನೆ, ಡೊಳ್ಳಿನ ಪದ, ಬಯಲಾಟಗಳ ಕ್ಯಾಸೆಟ್ಟುಗಳು ಇನ್ನೂ ಉಳಿದಿವೆ. ಹಾಡಿದವರಲ್ಲಿ ಅನೇಕರು ಈಗಿಲ್ಲ. ಕ್ಯಾಸೆಟ್ಟಿನ ಪಟ್ಟಿಯ ಮೇಲಣ ಲೇಪವು ಬಿಸಿಲಿಗೂ ತೇವಕ್ಕೂ ಕ್ರಮೇಣ ಸವೆಯುತ್ತದೆಯಾದುದರಿಂದ ಅವುಗಳನ್ನು ಕಂಪ್ಯೂಟರಿಗೆ ಇಳಿಸುವ ಕಾರ್ಯ ತಡವಾಗಬಾರದು. ವಿಧಾನ ಸುಲಭ. ಟೇಪ್ ರೆಕಾರ್ಡರಿನ ತಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೂ ಸುತ್ತಿ ಹಿಂದಕ್ಕೆ ಸುತ್ತಬೇಕು. ಹೀಗೆ ಮಾಡುವುದರಿಂದ ಬಹುಕಾಲ ಕೂತಿದ್ದ ಪಟ್ಟಿಯ ಬಿಗುವು ಸಡಿಲುತ್ತದೆ. ತರುವಾಯ ರೆಕಾರ್ಡರಿನ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿನ ನೀಲಿಬಣ್ಣದ ಲೈನ್-ಇನ್ ಕಿಂಡಿಗೆ ತಂತಿ ಹಾಕಬೇಕು. ಗುಲಾಬಿಬಣ್ಣದ್ದು ಮೈಕಿನ ಕಿಂಡಿ; ಅದರಲ್ಲಿ ಹಾಕಿದರೆ ಧ್ವನಿ ಒಡೆದುಬರುತ್ತದೆ. ಲ್ಯಾಪ್‌ಟಾಪಿನಲ್ಲಿ ನೀಲಿ ಕಿಂಡಿ ಸಾಮಾನ್ಯವಾಗಿ ಇರದ ಕಾರಣ, ಲೈನ್-ಇನ್ ಉಳ್ಳ ಯುಎಸ್‌ಬಿ ಸೌಂಡ್ ಕಾರ್ಡೊಂದನ್ನು ಕೊಳ್ಳಬೇಕಾದೀತು. ಆಡಾಸಿಟಿ ಎಂಬ ಉಚಿತ ತಂತ್ರಾಂಶವನ್ನು ತೆರೆದು, ಹಾಡಿನ ಅತ್ಯಂತ ಗಟ್ಟಿಯಾದ ಕಡೆಯಲ್ಲಿಯೂ ಅಳತೆಯ ಪಟ್ಟಿ ತುದಿ ಮುಟ್ಟದಂತೆ ಧ್ವನಿಯನ್ನು ತಗ್ಗಿಸಿ, ರೆಕಾರ್ಡ್ ಒತ್ತಿ ಕೂರಬೇಕು. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷವೂ ಬೇಕು. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಡುತ್ತಿರುವವರು ಯಾರು, ಎಲ್ಲಿಯವರು, ಯಾವ ವರ್ಷದ್ದು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಲು ಅದಕ್ಕಿಂತ ಪ್ರಶಸ್ತವಾದ ಅವಕಾಶ ಮತ್ತೆ ದೊರೆಯದು. ಮೂಲವನ್ನು ವೇವ್ ರೂಪದಲ್ಲಿ ಕುಗ್ಗಿಸದೆ ಉಳಿಸಿ, ಪೆಟ್ಟಿಗೆಗೆ ಅದರ ಎಂಪಿ3 ಪ್ರತಿಯನ್ನು ಏರಿಸುವುದು ಯುಕ್ತ.

ಹಕ್ಕಿನ ವಿಚಾರವನ್ನೂ ಇಲ್ಲಿ ಹೇಳದಿರಲಾಗದು. ಘಟಪ್ರಭೆಯ ಆಚೆಗಿರುವ ಬೀಳಗಿಯಲ್ಲಿ ಹುಟ್ಟಿ, 1943ರ ಕಿಸ್ಮತ್ ಚಿತ್ರದ ಹಾಡುಗಳಿಂದ ದೇಶಾದ್ಯಂತ ಪ್ರಖ್ಯಾತಳಾದ ಅಮೀರಬಾಯಿ ಕರ್ನಾಟಕಿಯ ಕಂಠ ಇಂದಿಗೂ ನಮ್ಮವರ ಪೆಟ್ಟಿಗೆಗಳಲ್ಲಿ ಕೇಳಬೇಕಾದುದು. ನಮ್ಮ ದೇಶದ 1957ರ ಕೃತಿಸ್ವಾಮ್ಯದ ಶಾಸನದ ಪ್ರಕಾರ ಧ್ವನಿಮುದ್ರಣವೊಂದರ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ 60 ವರ್ಷಗಳವರೆಗೆ ಇರುವುದರಿಂದ, ಆಕೆಯ ನಲವತ್ತರ ದಶಕದ ತಟ್ಟೆಗಳ ಮೇಲಣ ಆ ಹಕ್ಕು ಮುಗಿದಿದೆ. ಹಾಡನ್ನು ಬರೆದವರ ಮತ್ತು ರಾಗ ಹಾಕಿದವರ ಹಕ್ಕು ಬೇರೆಯಾಗಿ, ಅವರ ಮರಣಾನಂತರವೂ 60 ವರ್ಷ ನಡೆಯುತ್ತದೆ. ಹೊಸ ಹಾಡುಗಳನ್ನು ಅನುಮತಿಯಿಲ್ಲದೆ ಅಂಗಡಿಯಲ್ಲಿ ತುಂಬಿ ಮಾರುವುದು ಶಾಸನಕ್ಕೆ ವಿರುದ್ಧವಾದುದೆಂಬುದನ್ನು ತುಂಬಿಸಿಕೊಳ್ಳುವವರೂ ತಿಳಿದಿರಬೇಕು. ಊರ ಭಜನಾ ಮೇಳದವರಿಗೂ ಇದೇ ಶಾಸನ ಒಂದು ಹಕ್ಕನ್ನು ಕೊಟ್ಟಿದೆ. ತಾವು ಹಾಡಿದುದರ ಮೇಲೆ ಪ್ರದರ್ಶಕರಿಗೆ 50 ವರ್ಷಗಳ ಅಧಿಕಾರವುಂಟು. ಆದಕಾರಣ ಗುಡಿಯಲ್ಲಿ ಫೋನು ಹಿಡಿದು ಧ್ವನಿಮುದ್ರಣ ಮಾಡುವವರು ಮೇಳದ ಹಿರಿಯರನ್ನು ಮೊದಲು ಕೇಳಿ ಒಪ್ಪಿಗೆ ಪಡೆಯುವುದು ಸೌಜನ್ಯವೂ ಹೌದು, ಕಾನೂನೂ ಹೌದು.

ಕಾರ್ಡಿನೊಳಗೆ ಹಾಡು ಶಾಶ್ವತವಾಗಿ ಇರುತ್ತದೆಂಬ ಭರವಸೆ ಬೇಡ. ಅದರಲ್ಲಿ ಮಾಹಿತಿಯು ಸೂಕ್ಷ್ಮ ಕೋಶಗಳಲ್ಲಿ ಸೆರೆಹಿಡಿದ ವಿದ್ಯುದಂಶದ ರೂಪದಲ್ಲಿ ಇರುತ್ತದೆ. ವರ್ಷಗಟ್ಟಲೆ ಬಳಸದೆ ಇಟ್ಟರೆ, ಅದರಲ್ಲಿಯೂ ನಮ್ಮ ಬೇಸಗೆಯ ಬಿಸಿಲಲ್ಲಿ, ಆ ಅಂಶ ಮೆಲ್ಲಗೆ ಸೋರಿಹೋಗುತ್ತದೆ. ಆದುದರಿಂದ ಮೂಲವನ್ನು ಕಂಪ್ಯೂಟರಿನಲ್ಲಿ ಒಂದು, ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು ಎಂದು ಎರಡು ಕಡೆ ಇಟ್ಟು, ಆ ಎರಡೂ ಒಂದೇ ಮನೆಯಲ್ಲಿ ಇರದಂತೆ ನೋಡಿಕೊಳ್ಳಬೇಕು; ಮೂರನೆಯದೊಂದು ಪ್ರತಿಯನ್ನು ಮೇಳದ ಮುಖ್ಯಸ್ಥರ ಪೆಟ್ಟಿಗೆಗೇ, ಊರ ಹೆಸರು, ವರ್ಷ, ಹಾಡಿದವರ ಹೆಸರುಗಳನ್ನು ಕಾಗದದ ಮೇಲೆ ಬರೆದು ಜೊತೆಗಿಟ್ಟು, ಏರಿಸಿಕೊಡಬೇಕು.